ತಂಪಣ್ಣನ ಕಣ್ಣು

ಗಡಿನಾಡಿನ ಮೀಂಜದಲ್ಲಿ ಕೂಸಪ್ಪ ಎಂಬ ಹೆಸರಿನವರು ನಾಲ್ಕು ಜನ ಇದ್ದಾರೆ. ಜೀಪಿನ ಕೂಸಪ್ಪ, ಬಾವಿ ತೋಡುವ ಕೂಸಪ್ಪ, ಯಾವ ಸಭೆಯಾದರೂ ಕೊನೆಗೆ ಎದ್ದು ಧನ್ಯವಾದ ಹೇಳುವ ಕೂಸಪ್ಪ. ನಾಲ್ಕನೆಯವನು ಕಣ್ಣಿನ ಕೂಸಪ್ಪ. ಈಗ ಹೇಳಬೇಕಾಗಿರುವುದು ಈ ನಾಲ್ಕನೆಯವನ ವಿಷಯ. ಪ್ರಾಯ ಅರುವತ್ತೊಂದು, ಬೆನ್ನು ಸ್ವಲ್ಪ ಬಾಗಿದೆ, ಉಗುರಿನ ಸಂದಿಯಲ್ಲಿ ಯಾವತ್ತೂ ಒಂದು ಬಣ್ಣ ಇರುತ್ತದೆ.

ಒಂದು ಕಾಲದಲ್ಲಿ ಅವನು ಬೋರ್ಡು ಬರೆಯುತ್ತಿದ್ದ. ಅಂಗಡಿಯ ಹೆಸರನ್ನು ಮಲಯಾಳದಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಹದವಾಗಿ, ಜಾಗ ಉಳಿದರೆ ಇಂಗ್ಲಿಷಿನಲ್ಲಿ. ಸೀತಾಂಗೋಳಿ ಪೇಟೆಗೆ ಫ್ಲೆಕ್ಸಿನ ಮಿಷನ್ ಬಂದ ಮೇಲೆ ಆ ಕೆಲಸ ಹೋಯಿತು. ಮಿಷನಿಗೆ ಕೊಡಲಾಗದ್ದು ಒಂದೇ ಉಳಿಯಿತು. ದೈವಸ್ಥಾನದ ಗೋಡೆಯಲ್ಲಿ, ಹಲಗೆಯಲ್ಲಿ, ಬಾಗಿಲಿನ ಎರಡು ಬದಿಯಲ್ಲಿ ಮುಖ ಬರೆಯುವುದು. ಮೈ, ಕೈ, ಒಡವೆ, ಕತ್ತಿ ಇದನ್ನೆಲ್ಲ ಯಾರು ಬೇಕಾದರೂ ಬರೆದಾರು. ಕಣ್ಣಿಗೆ ಮಾತ್ರ ಕೂಸಪ್ಪನೇ ಬೇಕು.

ಕಣ್ಣು ಬರೆಯುವುದು ಕಟ್ಟಕಡೆಗೆ. ಹಿಂದಿನ ದಿನ ಒಪ್ಪೊತ್ತು ಊಟ. ಬೆಳಿಗ್ಗೆ ಮಿಂದು, ಒದ್ದೆ ಬೈರಾಸನ್ನು ಹೆಗಲಿಗೆ ಹಾಕಿ, ಯಾರೊಡನೆಯೂ ಮಾತಾಡದೆ ಕುಳಿತುಕೊಳ್ಳಬೇಕು. ಕಪ್ಪಿನ ಬೊಟ್ಟು ಇಟ್ಟ ಕೂಡಲೇ ಎದುರಿಗೆ ಒಂದು ಕನ್ನಡಿ ಹಿಡಿಯಬೇಕು, ಹೊಸ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅಲ್ಲಿಂದ ಮುಂದೆ ಅದು ಕೂಸಪ್ಪ ಬರೆದ ಚಿತ್ರವಲ್ಲ. ಬ್ರಶ್ ಹಿಡಿದ ಅದೇ ಕೈಯನ್ನು ಮುಗಿದು ಅವನು ಹಿಂದೆ ಸರಿಯಬೇಕು. ತಾನು ಬರೆದದ್ದನ್ನು ತಾನೇ ಮುಟ್ಟುವ ಹಾಗಿಲ್ಲ.

ಹೀಗೆ ಮೂವತ್ತೆಂಟು ವರ್ಷ. ಅವನು ಬರೆದ ಮುಖಗಳನ್ನು ನೋಡಿ ಜನ ಕೈಮುಗಿದಿದ್ದಾರೆ, ಬೆವರಿದ್ದಾರೆ, ಸಾಕ್ಷಿ ಹೇಳಲು ಬಂದವರು ಸುಳ್ಳು ಹೇಳುವ ಯೋಚನೆ ಬಿಟ್ಟು ಮನೆಗೆ ಹೋಗಿದ್ದಾರೆ. ಕೂಸಪ್ಪನಿಗೆ ಅದರಲ್ಲಿ ಹೆಮ್ಮೆಯೇ ಇತ್ತು. ಆದರೆ ಒಂದು ಬೇನೆ ಒಳಗೆ ಕುಳಿತಿತ್ತು. ಬಣ್ಣ ಕಂಡಲ್ಲಿಗೆ ಮಕ್ಕಳು ಬೆರಳು ಚಾಚಿಕೊಂಡು ಓಡಿ ಬರುತ್ತಾರೆ. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಧ್ವನಿ: "ಏಯ್, ಮುಟ್ಬೇಡ!" ಬೆರಳು ಒಳಗೆ ಹೋಗುತ್ತದೆ. ಅಂಥ ಎಷ್ಟು ಬೆರಳುಗಳನ್ನು ಅವನು ಏಣಿಯ ಮೇಲಿನಿಂದ ನೋಡಿರಬಹುದು! ಸಾಯುವ ಮೊದಲು ಒಂದು ಮುಖ, ಮಕ್ಕಳು ಹೆದರದೆ ಬೆರಳಿಟ್ಟು ನೋಡುವಂಥ ಒಂದೇ ಒಂದು ಮುಖ ಬರೆಯಬೇಕು ಎಂಬುದು ಅವನ ಆಸೆ.

ಆಸೆ ಇದ್ದರೆ ಸಾಲದು, ಕೈ ಕೇಳಬೇಕಲ್ಲ. ಒಮ್ಮೆ ಅಂಗನವಾಡಿಯ ಗೋಡೆಯಲ್ಲಿ ಮೊಲ ಬರೆಯಲು ಹೇಳಿದರು. ಬರೆದ. ಕಿವಿ ಮೊಲದ್ದೇ, ಬಾಲ ಮೊಲದ್ದೇ. ಕಣ್ಣು ಮಾತ್ರ ತಪ್ಪು ಮಾಡಿದವರನ್ನು ಹುಡುಕುತ್ತಿತ್ತು. ಮಕ್ಕಳು ಆ ಗೋಡೆಗೆ ಮುಖ ಮಾಡಿ ಉಪ್ಪಿಟ್ಟು ತಿನ್ನಲು ಒಪ್ಪಲಿಲ್ಲ. ಕೊನೆಗೆ ಟೀಚರ್ ಅದರ ಮೇಲೆ ಮಕ್ಕಳ ತೂಕದ ಚಾರ್ಟು ನೇತುಹಾಕಿದರು. ಚಾರ್ಟಿನ ಮೇಲಿಂದ ಎರಡು ಕಿವಿ ಈಗಲೂ ಕಾಣುತ್ತದೆ.

ಇಂಥ ಕೂಸಪ್ಪನ ಅಂಗಳಕ್ಕೆ ಒಂದು ದಿನ ಶಿವಸುಬ್ರಹ್ಮಣ್ಯ ಮಾಸ್ತರರು ಬಂದರು. ಊರಿನ ಕನ್ನಡ ಎಲ್.ಪಿ. ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದು ನಿವೃತ್ತರಾದ ಮೇಲೆ ಅವರು ಸಾಹಿತ್ಯಕ್ಕೆ ಹೋದರು. ಸಾಹಿತ್ಯ ಅವರನ್ನು ಕರೆದಿರಲಿಲ್ಲ, ಆದರೆ ಮಾಸ್ತರರು ಕರೆಯದೆ ಹೋಗಲು ಹಿಂಜರಿಯುವವರಲ್ಲ.

"ಕೂಸಪ್ಪಾ, ಬಾಲಸಾಹಿತ್ಯದ ಒಂದು ಕೃತಿ ರಚಿಸಿದ್ದೇನೆ. ಶಾಲಾ ವಾರ್ಷಿಕೋತ್ಸವಕ್ಕೆ ಪ್ರತಿ ಮಗುವಿನ ಕೈಗೂ ಒಂದೊಂದು ಪ್ರತಿ. ಚಿತ್ರ ನಿನ್ನದು."

"ನಾನಾ? ಮಾಸ್ಟ್ರೇ, ಮೊಲದ ವಿಷಯ ಗೊತ್ತುಂಟಲ್ಲ ನಿಮಗೆ?"

"ಮೊಲ ಬೇರೆ. ಇದು ಯಾರೂ ನೋಡದ ಪ್ರಾಣಿ. ಹೇಗೆ ಬರೆದರೂ ತಪ್ಪು ಎನ್ನುವವರಿಲ್ಲ."

ಒಳಗಿನಿಂದ ಕೂಸಪ್ಪನ ಹೆಂಡತಿ ಪುಷ್ಪಾವತಿ ಚಾ ತಂದಿಟ್ಟು, "ಇವರು ಬರೆದರೆ ನೋಡದ ಪ್ರಾಣಿಯೂ ಎದ್ದು ಕೂತೀತು ಮಾಸ್ಟ್ರೇ, ಆಮೇಲೆ ನನಗೆ ಹೇಳ್ಬೇಡಿ" ಎಂದಳು. ಇಬ್ಬರೂ ನಕ್ಕರು. ಅವಳು ನಗಲಿಲ್ಲ.

ಕೃತಿಯಲ್ಲಿ ನಲವತ್ತೆರಡು ಪುಟ ಇತ್ತು, ಅದರಲ್ಲಿ ಒಂಬತ್ತು ಮುನ್ನುಡಿ. ಶಾಲೆಯ ಸೌಮ್ಯಶ್ರೀ ಟೀಚರ್ ಅದನ್ನು ಕೊಯ್ದು ಹದಿನಾರು ಪುಟಕ್ಕೆ ತಂದರು, ಪುಟಕ್ಕೆ ಎರಡೆರಡು ವಾಕ್ಯ. "ನನ್ನ ಶೈಲಿ?" ಎಂದು ಮಾಸ್ತರರು ಕೇಳಿದಾಗ "ಅದೆಲ್ಲ ಚಿತ್ರದಲ್ಲಿ ಬರ್ತದೆ ಸರ್" ಎಂದರಂತೆ.

ಹಾಗೆ ಉಳಿದ ಕತೆ ಮಾತ್ರ ಚಂದವೇ ಇತ್ತು. ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಸುರಂಗ ನಮ್ಮ ಕಡೆ ಮನೆಮನೆಗೂ ಇರುವುದೇ, ಅದರ ಕೊನೆಯಿಂದ ನೀರು ಹನಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಅಂಥದೊಂದು ಸುರಂಗದ ನೀರು ನಿಲ್ಲುತ್ತದೆ. ಯಾಕೆ ನಿಂತಿತು ಎಂದು ನೋಡಲು ಸುರಂಗದ ಬಾಯಿಗೆ ಹೋದ ಒಬ್ಬಳು ಹುಡುಗಿಗೆ ಒಳಗೊಂದು ಪ್ರಾಣಿ ಕಾಣುತ್ತದೆ. ಚಿಪ್ಪುಹಂದಿಯ ಮೈ, ಕೆಸುವಿನೆಲೆಯಂಥ ಕಿವಿ, ಕಪ್ಪೆಯ ಕಾಲು. ಅದರ ಹೆಸರು ತಂಪಣ್ಣ. ಮಾತಾಡಿಸುವವರಿಲ್ಲದೆ ಅದಕ್ಕೆ ಬೇಸರ ಬಂದಿದೆ, ಅದಕ್ಕೇ ನೀರು ನಿಂತದ್ದು. ಹುಡುಗಿ ದಿನಾ ಹೋಗಿ ಶಾಲೆಯ ಸುದ್ದಿ ಹೇಳುತ್ತಾಳೆ. ತಂಪಣ್ಣ ನಗುತ್ತದೆ. ನಕ್ಕಾಗ ನೀರು ಬರುತ್ತದೆ.

ಕೂಸಪ್ಪನಿಗೆ ಕತೆ ಹಿಡಿಸಿತು. ಸುರಂಗದ ಕತ್ತಲೆ, ಹುಡುಗಿಯ ಎರಡು ಜಡೆ, ಕಲ್ಲಿನ ಸಂದಿಯ ಪಾಚಿ ಎಲ್ಲ ಹತ್ತು ದಿನದಲ್ಲಿ ಮುಗಿಯಿತು. ಉಳಿದದ್ದು ಏಳನೇ ಪುಟ. ಅಲ್ಲಿ ತಂಪಣ್ಣನ ಮುಖ ಪುಟ ತುಂಬ ಇರಬೇಕು. ಕೆಳಗೆ ಮಾಸ್ತರರ ವಾಕ್ಯ: "ತಂಪಣ್ಣ ಕಣ್ಣರಳಿಸಿ ಅವಳನ್ನೇ ನೋಡಿದ."

ಕಣ್ಣು ಬರಲಿಲ್ಲ. ಚಾ ಕುಡಿದು, ಕಾಲು ಚಾಚಿ, ರೇಡಿಯೋ ಹಾಕಿ, ಹಗುರಾಗಿ ಬರೆಯುವ ಎಂದು ಕುಳಿತ. ಕೈ ಏಳಲಿಲ್ಲ. ಎರಡನೇ ದಿನವೂ ಇಲ್ಲ, ಮೂರನೇ ದಿನವೂ ಇಲ್ಲ. ಕಾಗದದ ಮೇಲೆ ಎರಡು ಬಿಳಿ ಹೊಂಡ ಅವನನ್ನು ನೋಡುತ್ತಿತ್ತು. ನಾಲ್ಕನೇ ದಿನ ಅವನು ಯಾರಿಗೂ ಹೇಳದೆ ಒಪ್ಪೊತ್ತು ಉಂಡ. ಐದನೇ ದಿನ ಬೆಳಿಗ್ಗೆ ಮಿಂದು, ಒದ್ದೆ ಬೈರಾಸು ಹೆಗಲಿಗೆ ಹಾಕಿ ಕುಳಿತ. ಹೆಂಡತಿಗೆ ಕೈಸನ್ನೆ ಮಾಡಿದ. ಅವಳು ಕನ್ನಡಿ ಹಿಡಿದಳು. ಅರ್ಧ ಗಂಟೆಯಲ್ಲಿ ತಂಪಣ್ಣ ಕಣ್ಣು ಬಿಟ್ಟ.

ಕೂಸಪ್ಪನ ಜೀವಮಾನದ ಅತ್ಯುತ್ತಮ ಕಣ್ಣು ಅದು. ಅವನಿಗೇ ಗೊತ್ತಾಯಿತು. ಎಲ್ಲಿ ನಿಂತರೂ ನಿಮ್ಮನ್ನೇ ನೋಡುತ್ತಿತ್ತು. ಕೋಪ ಇರಲಿಲ್ಲ, ಆದರೆ ಎಲ್ಲ ಗೊತ್ತು ಎನ್ನುವ ಭಾವ ಇತ್ತು. ಮಕ್ಕಳಿಗೆ ಹೆದರಿಕೆಯಾಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವನು ಚಿತ್ರವನ್ನು ಪ್ರೆಸ್ಸಿಗೆ ಕಳಿಸಿದ.

ಇಷ್ಟಕ್ಕೇ ನಿಂತಿದ್ದರೆ ತೊಂದರೆ ಇರಲಿಲ್ಲ. ಹಾಲಿನ ಸೊಸೈಟಿಯಲ್ಲಿ ಪುಷ್ಪಾವತಿಗೆ ಅಪ್ಪಿಯಕ್ಕ ಸಿಕ್ಕಳು. ಅಪ್ಪಿಯಕ್ಕನ ಮೊಮ್ಮಗಳು ಜಶ್ವಿತಾ ಎರಡನೇ ಕ್ಲಾಸು. "ನಿನ್ನ ಗಂಡ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದದ್ದಂತೆ ಹೌದಾ? ಬೋರ್ಡು ಹೋದ ಮೇಲೆ ಈಗ ಇದಾ?" ಎಂದು ಅಪ್ಪಿಯಕ್ಕ ಕೇಳಿದ ಧಾಟಿ ಪುಷ್ಪಾವತಿಗೆ ಸರಿಕಾಣಲಿಲ್ಲ. "ಸುಮ್ಮನೆ ಗೀಚಿದ್ದಲ್ಲ ಅಪ್ಪಿಯಕ್ಕ. ಒಪ್ಪೊತ್ತು ಮಾಡಿ, ಮಿಂದು ಬರೆದದ್ದು. ಕನ್ನಡಿ ನಾನೇ ಹಿಡಿದದ್ದು" ಎಂದಳು. ಅಪ್ಪಿಯಕ್ಕನ ಕೈಯ ಹಾಲಿನ ಪಾತ್ರೆ ಅರೆಗಳಿಗೆ ಅಲ್ಲೇ ನಿಂತಿತು.

ಮಾರ್ಚಿನಲ್ಲಿ ಬಿಡುಗಡೆಯಾಯಿತು. ಮಾಸ್ತರರು ಬಾಲಸಾಹಿತ್ಯದ ಸರಳತೆಯ ಬಗ್ಗೆ ಐವತ್ತು ನಿಮಿಷ ಮಾತಾಡಿದರು, ಅಷ್ಟರಲ್ಲಿ ಒಂದನೇ ಕ್ಲಾಸು ಪೂರ್ತಿ ನಿದ್ದೆ ಹೋಗಿತ್ತು. ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಕ್ಕಳಿಗೆ ಕೊಟ್ಟರು. ಶಾಲೆಗೆ ರಜೆ ಸಿಕ್ಕಿತು. ಏಪ್ರಿಲಿನಲ್ಲಿ ಅಪ್ಪಿಯಕ್ಕನ ಮನೆಯ ಸುರಂಗ ಬತ್ತಿತ್ತು. ಪುಸ್ತಕವನ್ನು ದೇವರ ಕೋಣೆಯಲ್ಲಿಟ್ಟು ದೀಪ ಹಚ್ಚಿದ ಮೂರನೇ ದಿನ ನೀರು ಹನಿಯತೊಡಗಿತು. ಅದಕ್ಕೆ ಎರಡು ದಿನ ಮೊದಲು ಗುಡ್ಡದ ಮೇಲೆ ಮೂರು ಗಂಟೆ ಮಳೆ ಹೊಡೆದಿತ್ತು ಎಂಬುದನ್ನು ಅಪ್ಪಿಯಕ್ಕನಿಗೆ ನೆನಪು ಮಾಡಿಕೊಡಲು ಯಾರೂ ಹೋಗಲಿಲ್ಲ. ಹೋದವರೆಲ್ಲ ಆ ನೀರನ್ನು ತೀರ್ಥದ ಹಾಗೆ ಕುಡಿದು ಬಂದರು.

ಜೂನಿನಲ್ಲಿ ಶಾಲೆ ಶುರುವಾಗಿ ಹದಿನೈದು ದಿನ ಕಳೆದಿರಬಹುದು, ಸೌಮ್ಯಶ್ರೀ ಟೀಚರ್ ಕೂಸಪ್ಪನಿಗೆ ಫೋನು ಮಾಡಿ ಒಮ್ಮೆ ಬಂದು ಹೋಗಲು ಹೇಳಿದರು. ಕೂಸಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದ. ಮಕ್ಕಳು ತನ್ನನ್ನು ಸುತ್ತುಗಟ್ಟಿ ತಂಪಣ್ಣನ ವಿಷಯ ಕೇಳುತ್ತಾರೆ, ಏನು ಹೇಳಬೇಕು ಎಂದು ದಾರಿಯಲ್ಲೇ ಎರಡು ಮಾತು ಜೋಡಿಸಿಕೊಂಡಿದ್ದ.

"ಓದುವ ಪೀರಿಯಡಿಗೆ ಪುಸ್ತಕ ತನ್ನಿ ಅಂತ ಹೇಳಿದ್ದೆ ಕೂಸಪ್ಪಣ್ಣ. ಪುಸ್ತಕ ಸಿಕ್ಕಿದ ನಲವತ್ತೇಳು ಮಕ್ಕಳಲ್ಲಿ ತಂದವರು ಯಾರೂ ಇಲ್ಲ. ನೀವೇ ಕೇಳಿ" ಎಂದರು ಟೀಚರ್.

"ಯಾಕೆ ಮಕ್ಕಳೇ?"

"ದೇವರ ಕೋಣೆಯಲ್ಲಿ ಉಂಟು."

"ನಮ್ಮದೂ ಅಲ್ಲೇ."

"ನಾವು ಮುಟ್ಟಿದರೆ ಮೈಲಿಗೆ ಆಗ್ತದಂತೆ. ಮಿಂದು ಮುಟ್ಟಬೇಕಂತೆ."

"ನಾನು ಮಿಂದು ಕೇಳಿದ್ದೆ. ಆಗ ಅಮ್ಮ, ನೀನು ಸರಿ ಮೀಯಲಿಲ್ಲ ಅಂದರು" ಎಂದ ಹಿಂದಿನ ಬೆಂಚಿನ ಒಬ್ಬ.

ಕೂಸಪ್ಪ ನಗಲು ನೋಡಿದ, ಆಗಲಿಲ್ಲ. "ಕತೆ ಓದಿದವರು ಯಾರು?" ಎಂದು ಕೇಳಿದ. ಒಂದು ಕೈಯೂ ಏಳಲಿಲ್ಲ. ನಲವತ್ತೇಳು ತಂಪಣ್ಣಂದಿರು ನಲವತ್ತೇಳು ದೇವರ ಕೋಣೆಗಳಲ್ಲಿ ಮಾತಾಡಿಸುವವರಿಲ್ಲದೆ ಕುಳಿತಿದ್ದರು. ಸುರಂಗದಲ್ಲಿದ್ದಾಗ ಕೊನೆಗೆ ಒಬ್ಬಳಾದರೂ ಹುಡುಗಿ ಬರುತ್ತಿದ್ದಳು.

ಶಾಲೆಯಿಂದ ನೇರ ಅಪ್ಪಿಯಕ್ಕನ ಮನೆಗೆ ನಡೆದ. ಅವಳಿಗೆ ಅವನು ಬಂದದ್ದು ಸಂಭ್ರಮ. ಒಳಗೆ ಕರೆದು ತೋರಿಸಿದಳು. ಏಳನೇ ಪುಟವನ್ನೇ ಬಿಡಿಸಿ, ಗೋಡೆಗೆ ಒರಗಿಸಿ ಇಟ್ಟಿದ್ದಳು. ಪುಟದ ಎದುರು ಕೇಪುಳದ ಹೂ, ಒಂದು ಬಾಳೆಹಣ್ಣು.

"ನೋಡು ಕೂಸಪ್ಪಣ್ಣ, ಎಂಥ ಕಣ್ಣು ಬರೆದಿದ್ದಿ ನೀನು! ನಾನು ಅಡಿಗೆಕೋಣೆಗೆ ಹೋದರೆ ಅಲ್ಲಿಗೂ ನೋಡ್ತದೆ. ಮೊನ್ನೆ ಸೊಸೆಯ ಮೇಲೆ ಒಂದು ಸುಳ್ಳು ಹೇಳ್ಬೇಕು ಅಂತ ಬಾಯಿಗೆ ಬಂದಿತ್ತು, ಹೇಳ್ಲಿಕ್ಕೇ ಆಗಲಿಲ್ಲ ಮಾರಾಯ."

ಕೂಸಪ್ಪನ ಎದೆ ಒಂದು ಕ್ಷಣ ಉಬ್ಬಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಉಬ್ಬಿದ್ದು ನಿಜ. ಅಷ್ಟರಲ್ಲಿ ಹಿಂದೆ ಯಾರೋ ನಿಂತ ಹಾಗಾಯಿತು. ಜಶ್ವಿತಾ. ಶಾಲೆಯ ಚೀಲ ಇನ್ನೂ ಬೆನ್ನಲ್ಲೇ ಇತ್ತು. ಹೊಸ್ತಿಲಿನ ಆಚೆ ನಿಂತು ಎರಡೂ ಕೈ ಜೋಡಿಸಿದ್ದಳು. ಕಣ್ಣು ತಂಪಣ್ಣನ ಕೆಸುವಿನೆಲೆಯ ಕಿವಿಯ ಮೇಲಿತ್ತು. ಜೋಡಿಸಿದ ಕೈಯಿಂದ ಒಂದು ಬೆರಳು ಮಾತ್ರ ಸ್ವಲ್ಪ ಮುಂದಕ್ಕೆ ಬಂದು, ಅಜ್ಜಿ ತಿರುಗಿದ್ದೇ ಒಳಗೆ ಸೇರಿತು. ಉಬ್ಬಿದ್ದ ಎದೆ ಅಲ್ಲಿಗೇ ಇಳಿಯಿತು.

ಮುಂದಿನ ಆದಿತ್ಯವಾರ ಮಾಸ್ತರರ ಮನೆಯ ಚಾವಡಿಯಲ್ಲಿ ಒಂದು ಸಭೆ ಸೇರಿತು. ಕರೆದದ್ದು ಮಹಾಬಲ. ಮಹಾಬಲ ಅಂದರೆ ಅಧ್ಯಕ್ಷ. ಯಾವುದರ ಅಧ್ಯಕ್ಷ ಎಂದು ಕೇಳುವ ಕ್ರಮ ಇಲ್ಲ, ಒಂದು ಮುಗಿಯುವಾಗ ಇನ್ನೊಂದು ಶುರುವಾಗಿರುತ್ತದೆ. ಕೈಯಲ್ಲಿ ಮೈಕ್ ಇಲ್ಲದಾಗ ಅವನಿಗೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

"ಸಾನ್ನಿಧ್ಯ ಉಂಟು ಅಂತ ಎಲ್ಲರಿಗೂ ಗೊತ್ತಾಗಿದೆ. ಹೀಗೆ ಪುಸ್ತಕದಲ್ಲಿ ಬಿಟ್ಟರೆ ಆಗುವುದಿಲ್ಲ. ಒಂದು ಗುಡಿ, ಅದಕ್ಕೆ ಮರದ ಹಲಗೆಯಲ್ಲಿ ದೊಡ್ಡ ಮುಖ. ತಂಪಣ್ಣ ಸಾನ್ನಿಧ್ಯ ಜೀರ್ಣೋದ್ಧಾರ ಸಮಿತಿ ಅಂತ ಮಾಡುವ" ಎಂದ.

"ಜೀರ್ಣೋದ್ಧಾರವಾ? ಜೀರ್ಣ ಆಗಬೇಕಾದರೆ ಹಳತಾಗಬೇಕಲ್ಲ ಮಹಾಬಲ. ಈ ಪ್ರಾಣಿಯನ್ನು ನಾನು ಕಳೆದ ದೀಪಾವಳಿಗೆ ಕಲ್ಪಿಸಿಕೊಂಡದ್ದು" ಎಂದರು ಮಾಸ್ತರರು.

"ನಿಮಗೆ ಹೊಳೆದದ್ದು ದೀಪಾವಳಿಗೆ ಮಾಸ್ಟ್ರೇ. ಅದು ಎಷ್ಟು ಕಾಲದಿಂದ ಇತ್ತೋ ಯಾರಿಗೆ ಗೊತ್ತು? ಅಲ್ಲ, ನಿಮಗೇ ಯಾಕೆ ಹೊಳೆಯಬೇಕು? ಊರಲ್ಲಿ ಬೇರೆ ಜನ ಇಲ್ಲವಾ?"

ಮಾಸ್ತರರು ಈ ದೃಷ್ಟಿಯಿಂದ ಯೋಚಿಸಿರಲಿಲ್ಲ. ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾದರು. "ಕಲ್ಲಿನಲ್ಲಿ ನಿಮ್ಮ ಹೆಸರು ಕೆತ್ತಿಸಬೇಕಾಗ್ತದೆ, ಮೂಲಪುರುಷರು ಅಂತ" ಎಂದು ಮಹಾಬಲ ಸೇರಿಸಿದಾಗ, ಇಷ್ಟು ಹೊತ್ತು ವಿಚಾರವಾದಿಯಾಗಿದ್ದ ಅವರು ಕೆಮ್ಮಿ, "ಅಕ್ಷರ ತಪ್ಪಿಲ್ಲದೆ ಕೆತ್ತುವವರು ಸಿಗಬೇಕಲ್ಲ" ಎಂದರು.

ಕೂಸಪ್ಪ ಮೂಲೆಯ ಬೆಂಚಿನಿಂದ ಎದ್ದ. ಸಭೆಯಲ್ಲಿ ಮಾತಾಡಿ ಅವನಿಗೆ ಅಭ್ಯಾಸವಿಲ್ಲ. "ಒಂದು ಕೇಳುವುದಾ? ನೀವು ಯಾರಾದರೂ ಆ ಪುಸ್ತಕ ಓದಿದ್ದೀರಾ? ಅದರಲ್ಲಿ ತಂಪಣ್ಣ ತನಗೆ ಗುಡಿ ಬೇಕು ಅಂತ ಹೇಳುವುದಿಲ್ಲ. ಯಾರಾದರೂ ಮಾತಾಡಿಸಿ ಅಂತ ಹೇಳುವುದು, ಅಷ್ಟೇ."

"ಗುಡಿ ಆದ ಮೇಲೆ ಎಲ್ಲರೂ ಮಾತಾಡಿಸುತ್ತಾರೆ ಮಾರಾಯ. ಮೈಕೇ ಇರ್ತದೆ" ಎಂದ ಮಹಾಬಲ. "ನೀನು ಒಂದು ಮಾಡು. ಬೇಗ ಒಂದು ಒಳ್ಳೆಯ ದಿನ ನೋಡಿ ಹಲಗೆಗೆ ಕಣ್ಣು ಬರಿ."

ಮನೆಗೆ ಬಂದವನೇ ಜಗಲಿಯಲ್ಲಿ ಕುಳಿತ. ಪುಷ್ಪಾವತಿ ಚಾ ತಂದಳು, ಅವನು ಕುಡಿಯಲಿಲ್ಲ. ಸಭೆಯಲ್ಲಿ ಆದದ್ದನ್ನು ಹೇಳಿದ. "ಎಲ್ಲ ನನ್ನಿಂದಲೇ ಆದದ್ದು. ಮಕ್ಕಳ ಚಿತ್ರಕ್ಕೆ ಯಾವನಾದರೂ ಒಪ್ಪೊತ್ತು ಮಾಡ್ತಾನಾ?"

"ನೀವು ಮಾಡಿದಿರಿ, ನಾನು ಹೋಗಿ ಸಾರಿದೆ" ಎಂದು ಅವಳು ತನ್ನ ಪಾಲನ್ನು ಒಪ್ಪಿಕೊಂಡಳು. ಆಮೇಲೆ ಅವಳೇ ಅಂದಳು. "ಅಲ್ಲ, ಹಳೆಯ ಗೋಡೆ ಹೆರೆದು ಹೊಸ ಬಣ್ಣ ಹಾಕುವಾಗ ಎಂತ ಮಾಡ್ತೀರಿ ನೀವು, ಮೊದಲು?"

"ಅಪ್ಪಣೆ ಕೇಳಿ ಕಣ್ಣು ಮುಚ್ಚುವುದು. ರೆಪ್ಪೆ ಎಳೆಯುವುದು."

"ಯಾರು ಎಳೆಯಬೇಕು?"

"ಬರೆದವನೇ."

"ಮತ್ತೆಂತ?" ಎಂದು ಅವಳು ಆರಿದ ಚಾವನ್ನು ಬಿಸಿ ಮಾಡಲು ಒಳಗೆ ಹೋದಳು.

ಕೂಸಪ್ಪನಿಗೆ ದಾರಿ ಕಂಡದ್ದು ಹೌದು. ಆದರೆ ಆ ದಾರಿ ಅವನಿಗೆ ಇಷ್ಟವಾಗಲಿಲ್ಲ. ಬೇರೆ ಯಾವ ಕಣ್ಣಾದರೂ ಆಗಬಹುದಿತ್ತು. ಮೂವತ್ತೆಂಟು ವರ್ಷ ಕೈ ಪಳಗಿ ಪಳಗಿ ಕೊನೆಗೆ ಬಂದ ಕಣ್ಣು ಇದು. ಇನ್ನೊಮ್ಮೆ ಇಂಥದ್ದು ಬರುವ ಖಾತ್ರಿ ಇಲ್ಲ, ಈಚೆಗೆ ಬ್ರಶ್ ಹಿಡಿದರೆ ಹೆಬ್ಬೆರಳು ಸಣ್ಣಗೆ ನಡುಗುತ್ತದೆ. ಮೂಲ ಚಿತ್ರ ಹೇಗೂ ಕಪಾಟಿನಲ್ಲಿದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆದರೆ ಅದು ಕಣ್ಣು ತೆರೆದೇ ಇದ್ದರೆ ಊರಲ್ಲಿ ಮುಚ್ಚಿದ್ದಕ್ಕೆ ಬೆಲೆ ಇಲ್ಲ. ಸೋಮವಾರ ಬೆಳಿಗ್ಗೆ ಅವನು ಮೊದಲು ಕಪಾಟು ತೆರೆದು ಮೂಲ ಚಿತ್ರವನ್ನೇ ಹೊರಗೆ ತೆಗೆದ. ಅಪ್ಪಣೆ ಕೇಳಿದ. ರೆಪ್ಪೆ ಎಳೆದ. ಬ್ರಶ್ ತೊಳೆಯುವಾಗ ನೀರಿಗೆ ಬಿದ್ದ ಬಣ್ಣವನ್ನು ತುಂಬ ಹೊತ್ತು ನೋಡುತ್ತ ನಿಂತ. ಆಮೇಲೆ ಬಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿ ಅಪ್ಪಿಯಕ್ಕನ ಮನೆಗೆ ಹೊರಟ.

"ಕಣ್ಣು ಮುಚ್ಚುವುದಾ?" ಅಪ್ಪಿಯಕ್ಕ ಪುಸ್ತಕದ ಎದುರು ಅಡ್ಡ ನಿಂತಳು. "ಬಣ್ಣ ಹಳತಾದರೆ ಮುಚ್ಚುವ ಕ್ರಮ. ಇದು ಹೊಸತಲ್ಲವಾ?"

"ಬಣ್ಣ ಹೊಸತೇ. ಆದರೆ ಇವನು ಸುರಂಗದವ ಅಪ್ಪಿಯಕ್ಕ. ಕತ್ತಲೆಯಲ್ಲಿ ಇರುವವನನ್ನು ತಂದು ದೀಪದ ಎದುರು ಮೂರು ತಿಂಗಳು ನಿಲ್ಲಿಸಿದ್ದೀರಿ. ನಿದ್ದೆ ಬೇಡವಾ ಅವನಿಗೆ? ರೆಪ್ಪೆಯೇ ಬರೆಯಲಿಲ್ಲ ನಾನು, ಅದು ನನ್ನ ತಪ್ಪು."

ಅಪ್ಪಿಯಕ್ಕ ತಿರುಗಿ ತಂಪಣ್ಣನನ್ನು ನೋಡಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳಿಗೆ ಆ ಕಣ್ಣಿನಲ್ಲಿ ಆಯಾಸ ಕಂಡಿರಬೇಕು. "ನನ್ನಿಂದ ದೋಷ ಆಯ್ತಾ ಹಾಗಾದರೆ?" ಎಂದಳು, ಧ್ವನಿ ಇಳಿದಿತ್ತು.

"ನಿಮ್ಮಿಂದ ಎಂತ ದೋಷ? ಬರೆದವ ನಾನು. ಮುಚ್ಚಬೇಕಾದವನೂ ನಾನೇ."

ಅವಳು ಸರಿದು ನಿಂತಳು. ಕೂಸಪ್ಪ ಪುಸ್ತಕವನ್ನು ಕೆಳಗಿಳಿಸಿ ಜಗಲಿಗೆ ತಂದ, ಬೆಳಕು ಬೇಕಲ್ಲ. ಚಿಪ್ಪಿನ ಬಣ್ಣಕ್ಕೆ ಹೊಂದುವಂತೆ ಕಾವಿಗೆ ಸ್ವಲ್ಪ ಬಿಳಿ ಬೆರೆಸಿದ. ಮೊದಲು ಎಡಗಣ್ಣು. ಎಲ್ಲ ಗೊತ್ತು ಎನ್ನುವ ಆ ನೋಟ ಒಂದೊಂದು ಎಳೆಯಾಗಿ ಒಳಗೆ ಹೋಯಿತು. ಆಮೇಲೆ ಬಲಗಣ್ಣು. ಕೆಳಗೆ ರೆಪ್ಪೆಗೂದಲಿನ ಒಂದು ಸಣ್ಣ ಗೆರೆ. ಬ್ರಶ್ ಎತ್ತಿದಾಗ ಜಗಲಿಯ ಮೇಲೆ ಮಲಗಿದ್ದದ್ದು ಯಾವ ಸಾನ್ನಿಧ್ಯವೂ ಅಲ್ಲ, ಹೊಟ್ಟೆ ತುಂಬ ಉಂಡು ನಿದ್ದೆ ಹೋದ ಒಂದು ಕಿವಿದೊಡ್ಡ ಪ್ರಾಣಿ.

"ಮಲಗಿದನಾ?" ಪಿಸುಮಾತು. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರಿಂದ ಜಶ್ವಿತಾ ಮನೆಯಲ್ಲೇ ಇದ್ದಳು. ಯಾವಾಗ ಬಂದು ಕುಳಿತಳೋ ಗೊತ್ತಿಲ್ಲ, ಕೂಸಪ್ಪನ ಮೊಣಕೈಯ ಪಕ್ಕದಲ್ಲೇ ಇದ್ದಳು.

"ಹೂಂ."

ಅವಳು ಬೆರಳು ಚಾಚಿದಳು. "ಏಯ್, ಮುಟ್..." ಎಂದು ಅಪ್ಪಿಯಕ್ಕನ ಬಾಯಿಗೆ ಅರ್ಧ ಬಂದದ್ದು ಅಲ್ಲೇ ನಿಂತಿತು. ಬೆರಳು ತಂಪಣ್ಣನ ಕೆನ್ನೆಗೆ ತಾಗಿತು, ಅಲ್ಲಿಂದ ಹಸಿ ರೆಪ್ಪೆಗೆ ಹೋಯಿತು, ಬಣ್ಣ ಕದಡಿ ಒಂದು ಬೆರಳಚ್ಚು ಬಿತ್ತು. ಹುಡುಗಿ ಹೆದರಿ ಅವನ ಮುಖ ನೋಡಿದಳು.

"ಅಡ್ಡಿಲ್ಲ. ನಿದ್ದೆ ಗಟ್ಟಿ ಇವನದ್ದು" ಎಂದ ಕೂಸಪ್ಪ. ಒಳಗೆ ಹೋದ ಅಪ್ಪಿಯಕ್ಕನ ಪಾತ್ರೆಯ ಸದ್ದು ಕೇಳಿದಾಗ ಜಶ್ವಿತಾ ತಿರುಗಿ "ಅಜ್ಜೀ, ಮೆಲ್ಲ!" ಎಂದು ಗದರಿಸಿ, ಮೊದಲ ಪುಟಕ್ಕೆ ತಿರುಗಿಸಿ ಪಿಸುಮಾತಿನಲ್ಲಿ ಓದತೊಡಗಿದಳು.

ಅಪ್ಪಿಯಕ್ಕನ ಮನೆಯಲ್ಲಿ ಆದದ್ದು ಸಂಜೆಯೊಳಗೆ ಊರಿಗೇ ತಿಳಿಯಿತು, ಈ ಸಲ ಹಾಲಿನ ಸೊಸೈಟಿಯಲ್ಲಿ ಹೇಳಿದ್ದು ಅಪ್ಪಿಯಕ್ಕನೇ. ತಂಪಣ್ಣನಿಗೆ ನಿದ್ದೆಗೆಡಿಸಿದ ದೋಷ ತಮ್ಮ ಮನೆಗೆ ಬೇಡ ಎಂದು ಜನ ಕೂಸಪ್ಪನಿಗೆ ಫೋನು ಮಾಡಿದರು. ಎಲ್ಲ ಮನೆಗೂ ಹೋಗಿ ಬರಲು ಅವನಿಗೆ ಹತ್ತು ಹನ್ನೆರಡು ದಿನ ಹಿಡಿಯಿತು. ಒಂದು ಮನೆಯಲ್ಲಿ ದಕ್ಷಿಣೆ ಇಟ್ಟರು, ಬೇಡ ಎಂದ. ಇನ್ನೊಂದರಲ್ಲಿ ಪುಸ್ತಕಕ್ಕೆ ಫ್ರೇಮು ಹಾಕಿಸಿದ್ದರು, ಗ್ಲಾಸು ಬಿಚ್ಚಲು ಸುತ್ತಿಗೆ ಹುಡುಕಬೇಕಾಯಿತು. ಮಹಾಬಲನ ಸಮಿತಿ ಮಲಗಿದವನಿಗೆ ಗುಡಿ ಕಟ್ಟುವುದು ಹೇಗೆಂದು ತಿಳಿಯದೆ ಸುಮ್ಮನಾಯಿತು. ಅವನು ಈಗ ಬಸ್‌ಸ್ಟ್ಯಾಂಡಿನ ಸೋರುವ ಮಾಡು ರಿಪೇರಿಯ ಅಧ್ಯಕ್ಷ.

ಸಿಟ್ಟು ಬಂದದ್ದು ಮಾಸ್ತರರಿಗೆ. "ಕಣ್ಣರಳಿಸಿ ಅವಳನ್ನೇ ನೋಡಿದ ಎಂಬ ನನ್ನ ವಾಕ್ಯಕ್ಕೆ ಈಗ ಏನು ಅರ್ಥ? ಕೃತಿಯ ಜೀವಾಳವೇ ಅದು!" ಎಂದು ಮುಂದಿನ ಓದುವ ಪೀರಿಯಡಿಗೆ ತಾವೇ ಶಾಲೆಗೆ ಬಂದರು. ಟೀಚರ್ ಕೂಸಪ್ಪನನ್ನೂ ಕರೆದಿದ್ದರು. ಮೇಜಿನ ಮೇಲೆ ಮಕ್ಕಳು ತಂದ ಪುಸ್ತಕಗಳ ರಾಶಿ ಇತ್ತು.

ಮಾಸ್ತರರು ಮೇಲಿನದನ್ನು ಎತ್ತಿದರು, ಮುಖ ಸಣ್ಣದಾಯಿತು. ರಕ್ಷಾಪುಟ ಇರಲಿಲ್ಲ. ಎರಡನೆಯದರಲ್ಲಿ ಚಾದ ಗ್ಲಾಸಿನ ವೃತ್ತ. ಮೂರನೆಯದರಲ್ಲಿ ಅವರ ಹೆಸರಿಗೆ ಸರಿಯಾಗಿ ಮೀನುಸಾರಿನ ಹಳದಿ. "ಮಕ್ಕಳ ಕೈಗೆ ಬಂದು ಎರಡು ವಾರ ಆಗಲಿಲ್ಲ ಟೀಚರ್! ಇದು ಪುಸ್ತಕವೋ ಒರಸುವ ಬಟ್ಟೆಯೋ?"

"ಸಾರಿ ಸರ್. ಮಕ್ಕಳು ಊಟ ಮಾಡುವಾಗಲೂ ಬಿಡುವುದಿಲ್ಲವಂತೆ" ಎಂದರು ಸೌಮ್ಯಶ್ರೀ ಟೀಚರ್.

ಕೂಸಪ್ಪ ಬೆಂಚಿನ ತುದಿಯಲ್ಲಿ ಕುಳಿತು ಒಂದೊಂದೇ ಪುಸ್ತಕದ ಏಳನೇ ಪುಟ ತೆರೆದ. ಒಂದರಲ್ಲಿ ತಂಪಣ್ಣನಿಗೆ ಪೆನ್ನಿನಲ್ಲಿ ಮೀಸೆ ಬಂದಿತ್ತು. ಇನ್ನೊಂದರಲ್ಲಿ ತಲೆಯ ಕೆಳಗೆ ದಿಂಬು, ದಿಂಬಿಗೆ ಹೂವಿನ ಚಿತ್ರ. ಕೆನ್ನೆ ಒರಸಿ ಒರಸಿ ಕಾಗದವೇ ತೆಳ್ಳಗಾದದ್ದೂ ಇತ್ತು. ಅವನು ನಿಧಾನಕ್ಕೆ, ತುಂಬ ನಿಧಾನಕ್ಕೆ ನೋಡಿದ. ಒಂದು ಪುಟಕ್ಕೆ ಬಂದಾಗ ಕೈ ನಿಂತಿತು. ಮುಚ್ಚಿದ ರೆಪ್ಪೆಯ ಮೇಲೆ ಯಾರೋ ಹಸಿರು ಸ್ಕೆಚ್ ಪೆನ್ನಿನಲ್ಲಿ ಎರಡು ಕಣ್ಣು ಬರೆದಿದ್ದರು. ಒಂದು ದೊಡ್ಡದು, ಒಂದು ಸಣ್ಣದು. ದೊಡ್ಡದು ಹುಡುಗಿಯನ್ನು ನೋಡುತ್ತಿತ್ತು, ಸಣ್ಣದು ಮೇಲೆ ಮಾಡಿನ ಕಡೆಗೆ.

"ಇದು ಯಾರ ಪುಸ್ತಕ?"

ಜಶ್ವಿತಾ ಮೆಲ್ಲನೆ ಎದ್ದಳು.

"ನಾನು ಮುಚ್ಚಿದ ಕಣ್ಣನ್ನು ನೀನು ಯಾಕೆ ಬಿಡಿಸಿದ್ದು?"

ಅವಳು ಒಮ್ಮೆ ಟೀಚರನ್ನು ನೋಡಿದಳು, ಒಮ್ಮೆ ನೆಲ ನೋಡಿದಳು.

"ಬೆಳಿಗ್ಗೆ ಆಗಿತ್ತು" ಎಂದಳು.

ಮಾಸ್ತರರು ಏನೋ ಹೇಳಲು ಬಾಯಿ ತೆರೆದವರು, ಪುಟವನ್ನು ನೋಡಿ, ಕೆಳಗಿದ್ದ ತಮ್ಮ ವಾಕ್ಯವನ್ನು ನೋಡಿ, ಕನ್ನಡಕ ತೆಗೆದು ಒರಸಲು ಹೊರಟರು. ಕೂಸಪ್ಪ ಆ ಹಸಿರು ಕಣ್ಣಿನ ಮೇಲೆ ತನ್ನ ನಡುಗುವ ಹೆಬ್ಬೆರಳನ್ನು ಇಟ್ಟ. ಅಂಥ ಕಣ್ಣಿಗೆ ಯಾರೂ ಕೈಮುಗಿಯಲಾರರು. ಅವನು ನಗತೊಡಗಿದ. ಮಕ್ಕಳಿಗೆ ಯಾಕೆಂದು ಗೊತ್ತಾಗಲಿಲ್ಲ, ಆದರೂ ನಕ್ಕರು.